ಲೇತ್‌ನ ವಯಸ್ಸು ಬಿಡಿ, ಅದರ ಕಸುಬು ಕೇಳಿ

(ಮನೆಯಲ್ಲೇ ಸಣ್ಣ ವರ್ಕ್‌ಶಾಪ್ ಮಾಡಿಕೊಳ್ಳಬೇಕೆಂದಿರುವ ಹವ್ಯಾಸಿಗಳ ಮುಂದೆ ಹಳೆಯ ಲೇತ್ ಕೊಳ್ಳುವ ಬಗ್ಗೆ ದಾವಣಗೆರೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಹರಿಹರದ ಮಗ್ಗುಲಲ್ಲಿ ನಿಂತು ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಟೂಲಿನಿಂದ ಕತ್ತರಿಸಿ ರೂಪ ಕೊಡುವ ಯಂತ್ರ) ಬಗ್ಗೆ ಉಪದೇಶ ಮಾಡುವುದಕ್ಕೆ ಸ್ವಲ್ಪ ಧೈರ್ಯ ಬೇಕು. 1941ರಲ್ಲಿ ಅಲ್ಲಿ ಲೇತ್ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಶುರುವಾದ ಮೇಲೆ ಟರ್ನರ್, ಫಿಟ್ಟರ್, ಮೌಲ್ಡರ್ ಅನ್ನುವ ಮಾತುಗಳು ಈ ಸೀಮೆಯ ಎಷ್ಟೋ ಮನೆಗಳ ಅಡುಗೆಮನೆವರೆಗೂ ಬಂದಿದ್ದವು. ಆ ಕಾರ್ಖಾನೆಯಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಈ ಸಭೆಯಲ್ಲೂ ಇರುತ್ತೀರಿ. ನನ್ನ ಮಾತು ಎಲ್ಲಾದರೂ ಸರಿಯಿಲ್ಲ ಅನ್ನಿಸಿದರೆ ಅಲ್ಲೇ ತಡೆಯಿರಿ.

ಹಳೆಯ ಲೇತ್ ಕೊಳ್ಳುವುದಕ್ಕೆ ಇದು ಒಳ್ಳೆಯ ಕಾಲ. ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ, ಎಲ್ಲಿಗೆ ಹೋದರೂ ಒಂದೇ ನಮೂನೆಯ ಸಾವಿರಾರು ಬಿಡಿಭಾಗ ತಿರುವುವ ಕೆಲಸ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳಿಗೆ ಹೋಗಿಬಿಟ್ಟಿದೆ. ಕೈಯಲ್ಲಿ ಹಿಡಿಕೆ ತಿರುಗಿಸುವ ಯಂತ್ರ ಮೂಲೆಗೆ ಸರಿದಿದೆ. ಜಾಗ ಬೇಕಾದಾಗ ಮಾಲೀಕ ಅದನ್ನು ಮಾರುತ್ತಾನೆ. ಕೊಳ್ಳುವವರಲ್ಲಿ ಗುಜರಿಯವನೂ ಇರುತ್ತಾನೆ, ನಿಮ್ಮಂಥವರೂ ಇರುತ್ತೀರಿ. ಗುಜರಿಯವನಿಗೆ ತೂಕ ಗೊತ್ತಿದ್ದರೆ ಸಾಕು. ನಿಮಗೆ ಅದಕ್ಕಿಂತ ಹೆಚ್ಚು ಗೊತ್ತಿರಬೇಕು.

ಕೊಳ್ಳಲು ಹೋದವರು ಸಾಮಾನ್ಯವಾಗಿ ಕೇಳುವುದು ಎರಡೇ ಮಾತು: ಯಾವ ಕಂಪನಿಯದು, ಎಷ್ಟು ವರ್ಷ ಹಳೆಯದು? ಕಂಪನಿ ಮುಖ್ಯವಲ್ಲ ಅಂತ ನಾನು ಹೇಳುವುದಿಲ್ಲ. ಹರಿಹರದ ಕಿರ್ಲೋಸ್ಕರ್‌ನ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್, ಬೆಂಗಳೂರಿನ ಎಚ್‌ಎಂಟಿ, ಕೊಯಮತ್ತೂರಿನ ಪಿಎಸ್‌ಜಿ ಇವೆಲ್ಲ ಹೆಸರಿಗೆ ತಕ್ಕ ಯಂತ್ರಗಳು. ಎಚ್‌ಎಂಟಿ 1953ರಲ್ಲಿ ಶುರುವಾದದ್ದೇ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ. ರಾಜಕೋಟೆ, ಬಟಾಲಾ, ಲೂಧಿಯಾನಾಗಳಿಂದ ಬಂದ ಅಗ್ಗದ ಯಂತ್ರಗಳಲ್ಲಿ ಚೆನ್ನಾಗಿರುವವೂ ಇವೆ, ಬೇಡವೆನ್ನುವಂಥವೂ ಇವೆ. ಆದರೆ ಒಳ್ಳೆಯ ಕಂಪನಿಯ ಯಂತ್ರವನ್ನೂ ಹತ್ತು ವರ್ಷದಲ್ಲಿ ಹಾಳು ಮಾಡಬಹುದು. ಸಾಧಾರಣ ಯಂತ್ರ ಐವತ್ತು ವರ್ಷ ಬಾಳಿದ್ದೂ ಉಂಟು. ವಯಸ್ಸಿನಿಂದ ಬೀಡು (ಎರಕದ ಕಬ್ಬಿಣ) ಸವೆಯುವುದಿಲ್ಲ, ದುಡಿಮೆಯಿಂದ ಸವೆಯುತ್ತದೆ. ಅದಕ್ಕೇ ನಾನು ಮೊದಲು ಕೇಳುವ ಪ್ರಶ್ನೆ: ಈ ಲೇತ್ ಇಷ್ಟು ದಿನ ಏನು ಕೆಲಸ ಮಾಡಿಕೊಂಡಿತ್ತು? ಉತ್ತರ ಸಿಕ್ಕರೆ ಅರ್ಧ ತಪಾಸಣೆ ಮುಗಿದಂತೆ. ಯಂತ್ರದ ಎಲ್ಲಿ ನೋಡಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ನಿಮ್ಮೂರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು. ಗಿರಣಿಗಳಲ್ಲಿ ರಿಪೇರಿಗೆ ಅಂತಲೇ ಒಂದು ವರ್ಕ್‌ಶಾಪ್ ಇರುತ್ತಿತ್ತು. ಅಲ್ಲಿನ ಲೇತ್‌ಗೆ ದಿನವಿಡೀ ಕೆಲಸವಿಲ್ಲ. ಯಾವುದೋ ಶಾಫ್ಟ್ ಮುರಿದಾಗ, ಬುಷ್ ಸವೆದಾಗ ಅದನ್ನು ಎಬ್ಬಿಸುತ್ತಾರೆ. ಇವತ್ತು ಉದ್ದದ ಕೆಲಸ, ನಾಳೆ ಗಿಡ್ಡದ್ದು. ಹಾಗಾಗಿ ಸವೆತ ಬೆಡ್‌ನ (ಉಳಿದ ಭಾಗಗಳು ಕೂತು ಜಾರುವ ಉದ್ದನೆಯ ತಳಪಾಯ) ಉದ್ದಕ್ಕೂ ಹಂಚಿಹೋಗಿರುತ್ತದೆ. ಎಣ್ಣೆ ಹಾಕುವವನೊಬ್ಬ ಸಂಬಳಕ್ಕೇ ಇರುತ್ತಿದ್ದ. ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿ, ರೈಲ್ವೆ ಶೆಡ್ಡುಗಳ ರಿಪೇರಿ ವಿಭಾಗದಿಂದ ಬಂದ ಲೇತ್‌ಗಳೂ ಇದೇ ಜಾತಿ. ಸಿಕ್ಕರೆ ಬಿಡಬೇಡಿ.

ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಲೇತ್‌ಗಳು ಬೇರೆ ಥರ. ಅವು ನಿಜವಾಗಿ ಲೋಹ ಕತ್ತರಿಸಿದ ಹೊತ್ತು ಕಮ್ಮಿ, ಆದರೆ ತಿಂದ ಪೆಟ್ಟು ಜಾಸ್ತಿ. ಫೀಡ್ (ಟೂಲ್ ತಾನಾಗಿ ಸರಿಯುವ ವ್ಯವಸ್ಥೆ) ಹಾಕಿ ಗೆಳೆಯನ ಜತೆ ಮಾತಾಡುತ್ತಾ ನಿಂತ ಹುಡುಗ, ಟೂಲ್ ಹಿಡಿಯುವ ಟೂಲ್ ಪೋಸ್ಟು, ಕೆಲಸದ ತುಂಡನ್ನು ಹಿಡಿದು ತಿರುಗುವ ಚಕ್ಕಿಗೆ ಬಡಿದ ಮೇಲೆ ಎಚ್ಚರಗೊಳ್ಳುತ್ತಾನೆ. ಟೂಲ್ ಪೋಸ್ಟಿನ ಅಡಿಯಲ್ಲಿರುವ ಕಾಂಪೌಂಡ್ ಸ್ಲೈಡಿನ ಮೂತಿಯ ಮೇಲೆ ಚಕ್ಕಿನ ಹಲ್ಲಿನ ಗುರುತು ಕಾಣುತ್ತದೆಯೇ ನೋಡಿ. ಕಂಡರೆ ಫೀಡ್ ಗೇರುಗಳನ್ನೂ ಹಾಫ್ ನಟ್ಟನ್ನೂ (ಥ್ರೆಡ್ ಹೊಡೆಯುವಾಗ ಟೂಲನ್ನು ಎಳೆಯುವ ಉದ್ದ ಸ್ಕ್ರೂವನ್ನು ಹಿಡಿಯುವ ನಟ್ಟು) ಬಿಚ್ಚಿಸಿ ನೋಡುವುದು ಒಳ್ಳೆಯದು. ಬೆಡ್ ಮಾತ್ರ ಬಹಳ ಸಲ ಹೊಸದರಂತೆಯೇ ಇರುತ್ತದೆ. ಸರ್ಕಾರಿ ಸಂಸ್ಥೆಗಳ ಇಂಥ ಯಂತ್ರಗಳು ಕೇಂದ್ರ ಸರ್ಕಾರದ ಕಂಪನಿ ಎಂಎಸ್‌ಟಿಸಿಯ ಇ-ಹರಾಜಿಗೆ ಬರುವುದುಂಟು. ಆದರೆ ಅಲ್ಲಿ ಹಲವು ಯಂತ್ರಗಳನ್ನು ಒಂದೇ ಲಾಟ್ ಮಾಡಿ ಕೂಗುತ್ತಾರೆ, ಇದ್ದಲ್ಲಿಂದ ಇದ್ದ ಹಾಗೆ ಎತ್ತಿಕೊಂಡು ಹೋಗಬೇಕು. ಒಂದು ಲೇತ್ ಬೇಕೆನ್ನುವವನಿಗೆ ಅದು ಕಷ್ಟ. ನಾಲ್ಕು ಜನ ಸೇರಿದರೆ ಆದೀತು.

ಜಾಬ್ ವರ್ಕ್ ಅಂಗಡಿಯ ಲೇತ್ ಅಂದರೆ ದಿನಕ್ಕೆ ಎರಡು ಪಾಳಿ, ಬೆಳಗಿನಿಂದ ರಾತ್ರಿವರೆಗೆ ಅದೇ ಬುಷ್, ಅದೇ ಪಿನ್. ಎಲ್ಲ ಕೆಲಸವೂ ಚಕ್ಕಿನ ಮುಂದಿನ ಒಂದು ಗೇಣಿನೊಳಗೆ. ಅಲ್ಲಿ ಬೆಡ್ ಕುಳಿಬಿದ್ದಿರುತ್ತದೆ, ಟೇಲ್‌ಸ್ಟಾಕ್ (ಚಕ್ಕಿನ ಎದುರು ತುದಿಯ ಆಸರೆ) ಕಡೆಯ ಬೆಡ್‌ಗೆ ಏನೂ ಆಗಿರುವುದಿಲ್ಲ. ಇದೂ ಕೊಳ್ಳಬಾರದ್ದೇನಲ್ಲ. ಎಷ್ಟು ಸವೆದಿದೆ ಅಂತ ಅಳೆದು ಕೊಳ್ಳಬೇಕು.

ನಾನು ಹಿಂದೆ ಸರಿಯುವುದು ಎರಡು ಕಡೆ. ಒಂದು, ಫೌಂಡ್ರಿಯ ಪಕ್ಕದಲ್ಲಿದ್ದು ಬರೀ ಬೀಡಿನ ಎರಕ ತಿರುವಿದ ಲೇತ್. ಬೀಡು ಕತ್ತರಿಸಿದಾಗ ಸುರುಳಿ ಬರುವುದಿಲ್ಲ, ಪುಡಿ ಉದುರುತ್ತದೆ. ಎರಕದ ಮೈಗಂಟಿದ ಮರಳೂ ಅದರೊಡನೆ ಬೆಡ್ ಮೇಲಿನ ಎಣ್ಣೆಗೆ ಬಿದ್ದು ಸಾಣೆ ಹಿಡಿದಂತೆ ಉಜ್ಜುತ್ತದೆ. ಎರಡನೆಯದು, ಟೂಲ್ ಪೋಸ್ಟಿಗೆ ಗ್ರೈಂಡರ್ ಕಟ್ಟಿ ಶಾಫ್ಟ್ ಗ್ರೈಂಡಿಂಗ್ ಮಾಡಿದ ಲೇತ್. ಗ್ರೈಂಡಿಂಗ್ ಕಲ್ಲಿನ ಪುಡಿ, ಟೂಲನ್ನು ಹೊತ್ತು ಬೆಡ್ ಮೇಲೆ ಸರಿಯುವ ಸ್ಯಾಡಲ್ ಅಡಿಗೆ ಸೇರಿದರೆ ಮುಗಿಯಿತು. ಇದನ್ನು ಮಾರುವವನು ತಾನಾಗಿ ಹೇಳುವುದಿಲ್ಲ. ಯಂತ್ರದ ಹಿಂದಿನ ಗೋಡೆ, ಟ್ರೇಯ ಮೂಲೆಗಳನ್ನು ನೋಡಿ. ಬೂದು ಬಣ್ಣದ ನುಣ್ಣನೆ ಧೂಳು ಮೆತ್ತಿಕೊಂಡಿದ್ದರೆ ಅದೇ ಸಾಕ್ಷಿ.

ಹೊಸದಾಗಿ ಬಣ್ಣ ಬಳಿದು ಯಾರ್ಡಿನಲ್ಲಿ ಸಾಲಾಗಿ ನಿಲ್ಲಿಸಿರುವ ಲೇತ್‌ಗಳಿಗೆ ಪೂರ್ವಾಶ್ರಮವೇ ಇರುವುದಿಲ್ಲ. ದಲ್ಲಾಳಿಗೆ ಕೇಳಿದರೆ ಎಲ್ಲವೂ ಕಾಲೇಜಿನದ್ದೇ! ಬೆಡ್ ಮೇಲೆ ಅರ್ಧಚಂದ್ರದ ಸ್ಕ್ರೇಪಿಂಗ್ (ಕೈಯಿಂದ ಹೆರೆದು ಮಟ್ಟ ಮಾಡುವ ಕೆಲಸ) ಗುರುತುಗಳನ್ನು ಕಂಡು ಮರುಳಾಗಬೇಡಿ. ಸವೆದ ಬೆಡ್ ಮೇಲೂ ಅಂದಕ್ಕೆ ಆ ಚಿತ್ತಾರ ಕೆತ್ತಬಹುದು. ಬಣ್ಣ ಬಳಿಯದ, ಎಣ್ಣೆಜಿಡ್ಡು ಹಿಡಿದ ಯಂತ್ರ, ಅದರ ಪಕ್ಕದಲ್ಲಿ ಅದನ್ನು ಓಡಿಸಿದವನೇ ನಿಂತಿದ್ದರೆ, ಅದು ನನಗೆ ಹೆಚ್ಚು ನಂಬಿಕೆಯ ಸರಕು. ಮಾಲೀಕನಿಗಿಂತ ಆ ಟರ್ನರ್ ಹತ್ತಿರ ಮಾತಾಡಿ. ಒಂದು ಚಹಾ ಕುಡಿಸಿ. ಯಾವ ಗೇರು ಹಾಕಿದರೆ ಸದ್ದು ಬರುತ್ತದೆ, ಎಲ್ಲಿ ಟೇಪರ್ ಬೀಳುತ್ತದೆ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಆಗುತ್ತದೆ), ಎಲ್ಲ ಅವನ ಬಾಯಲ್ಲೇ ಇರುತ್ತದೆ.

ಇನ್ನು ಸವೆತದ ಲೆಕ್ಕ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕೆಂದರೆ ಬೆಡ್ ಸವೆದಿದೆ ಅಂದ ಕೂಡಲೇ ಜನ ಹೆದರಿ ವಾಪಸ್ಸು ಬರುತ್ತಾರೆ.

ಬೆಡ್ ಸವೆದಾಗ ಸ್ಯಾಡಲ್ ಕೆಳಗಿಳಿಯುತ್ತದೆ, ಅದರೊಂದಿಗೆ ಟೂಲ್ ಕೂಡ. 40 ಮಿ.ಮೀ. ವ್ಯಾಸದ ರಾಡ್ ತಿರುವುತ್ತಿದ್ದೀರಿ, ಅಂದರೆ ತ್ರಿಜ್ಯ 20. ಟೂಲ್ ಸೆಂಟರಿನಿಂದ 0.1 ಮಿ.ಮೀ. ಕೆಳಗಿಳಿಯಿತು ಅನ್ನಿ. ಪೈಥಾಗೊರಸ್ ಲೆಕ್ಕ ಹಾಕಿದರೆ ತ್ರಿಜ್ಯದಲ್ಲಿ ಬರುವ ವ್ಯತ್ಯಾಸ 0.00025 ಮಿ.ಮೀ. ಮೈಕ್ರಾನಿನ ಕಾಲು ಭಾಗ. ನಿಮ್ಮ ಮೈಕ್ರೊಮೀಟರಿಗೆ ಅದು ಕಾಣಿಸುವುದೇ ಇಲ್ಲ. ಅದೇ 0.1 ಮಿ.ಮೀ. ಟೂಲ್ ಅಡ್ಡಕ್ಕೆ, ಅಂದರೆ ನಿಮ್ಮ ಕಡೆಗೋ ಆಚೆಗೋ ಸರಿಯಿತು ಅಂದರೆ ವ್ಯಾಸದಲ್ಲಿ 0.2 ಮಿ.ಮೀ. ತಪ್ಪು. ಬೇರಿಂಗ್ ಕೂರುವ ಜಾಗವಾದರೆ ಆ ಕೆಲಸ ತಿಪ್ಪೆಗೆ. ಆದ್ದರಿಂದ ಬೆಡ್ ಎಷ್ಟು ತಗ್ಗಿದೆ ಅನ್ನುವುದಕ್ಕಿಂತ, ಸ್ಯಾಡಲ್ ಜಾರುವ ಮುಂದಿನ ವಿ-ದಾರಿಯ ಎರಡು ಇಳಿಜಾರುಗಳು ಒಂದೇ ಸಮ ಸವೆದಿವೆಯೇ, ಸ್ಯಾಡಲ್ ಪಕ್ಕಕ್ಕೆ ವಾಲುತ್ತಿದೆಯೇ ಅನ್ನುವುದು ಮುಖ್ಯ. ನೋಡಲು ಭಯ ಹುಟ್ಟಿಸುವ ಎಷ್ಟೋ ಬೆಡ್‌ಗಳು ಮನೆಯ ಕೆಲಸಕ್ಕೆ ಸಾಕಾಗುವುದು ಇದೇ ಕಾರಣಕ್ಕೆ.

ಲೇತ್‌ನ ನಿಖರತೆಯನ್ನು ಅಳೆಯುವ ಕ್ರಮವನ್ನು 1920ರ ದಶಕದಲ್ಲಿ ಜರ್ಮನಿಯ ಗೆಯೋರ್ಗ್ ಶ್ಲೆಸಿಂಗರ್ ಒಂದು ಶಿಸ್ತಿಗೆ ತಂದರು. ಇವತ್ತಿಗೂ ಕಾರ್ಖಾನೆಗಳ ಪರೀಕ್ಷೆಗೆ ಅದೇ ಬುನಾದಿ. ಆ ಪಟ್ಟಿ ಹಿಡಿದುಕೊಂಡು ಸೆಕೆಂಡ್ ಹ್ಯಾಂಡ್ ಯಾರ್ಡಿಗೆ ಹೋದರೆ ಒಂದು ಲೇತೂ ಪಾಸಾಗುವುದಿಲ್ಲ, ನೀವು ಬರಿಗೈಲಿ ಮನೆಗೆ ಬರುತ್ತೀರಿ. ನಾವು ಒಯ್ಯಬೇಕಾದದ್ದು ಒಂದು ಡಯಲ್ ಗೇಜು (ಕೂದಲೆಳೆಯ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಸಾಧನ), ಮ್ಯಾಗ್ನೆಟಿಕ್ ಸ್ಟ್ಯಾಂಡು, ಮೈಕ್ರೊಮೀಟರು, ಟಾರ್ಚು, ಒರೆಸುವ ಬಟ್ಟೆ. ಜತೆಗೆ ಒಂದು ತುಂಡು ಎಂಎಸ್ (ಮೈಲ್ಡ್ ಸ್ಟೀಲ್) ರಾಡು, ಮಸೆದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲು. ಅವರಲ್ಲಿ ಮಸೆದ ಟೂಲು ಇರುವುದಿಲ್ಲ, ಇದ್ದರೂ ಆ ಹೊತ್ತಿಗೆ ಸಿಗುವುದಿಲ್ಲ.

ಮೊದಲು ಬೆಡ್ ಒರೆಸಿ. ಚಕ್ಕಿನ ಕೆಳಗಡೆ ಸ್ಯಾಡಲ್ ಯಾವತ್ತೂ ಮುಟ್ಟದ ಒಂದಿಷ್ಟು ಜಾಗವಿರುತ್ತದೆ. ಅಲ್ಲಿಂದ ಸವೆದ ಕಡೆಗೆ ಉಗುರು ಎಳೆಯಿರಿ. ಮೆಟ್ಟಿಲು ಇದ್ದರೆ ಉಗುರಿಗೆ ಸಿಕ್ಕುತ್ತದೆ. ಸಿಕ್ಕದಿದ್ದರೆ ಸಂತೋಷ. ಆಮೇಲೆ ಸ್ಯಾಡಲನ್ನು ಚಕ್ಕಿನ ಹತ್ತಿರ ತಂದು, ಅದರ ಲಾಕ್ ಬೋಲ್ಟನ್ನು ಕೈಚಕ್ರಕ್ಕೆ ಸ್ವಲ್ಪವೇ ಬಿಗಿ ಅನ್ನಿಸುವಷ್ಟು ತಿರುಗಿಸಿ, ಟೇಲ್‌ಸ್ಟಾಕ್ ಕಡೆಗೆ ಓಡಿಸುತ್ತಾ ಹೋಗಿ. ದೂರ ಹೋದಂತೆ ಬಿಗಿಯಾಗುತ್ತಾ ಬಂದು ಸಿಕ್ಕಿಕೊಂಡರೆ, ಸವೆಯದ ಭಾಗಕ್ಕೂ ಸವೆದ ಭಾಗಕ್ಕೂ ಅಷ್ಟು ಅಂತರ ಇದೆ ಎಂದರ್ಥ. ಯಾವ ಉಪಕರಣವೂ ಬೇಡದ ಪರೀಕ್ಷೆ ಇದು, ಆದರೆ ಮಾರುವವನ ಮುಖ ನೋಡುತ್ತಾ ಮಾಡಿ!

ಚಕ್ಕನ್ನು ಹೊತ್ತು ತಿರುಗುವ ಶಾಫ್ಟು, ಅಂದರೆ ಸ್ಪಿಂಡಲ್ ಪರೀಕ್ಷೆಗೆ ಡಯಲ್ ಗೇಜು ಬೇಕು. ಗೇಜಿನ ಮೊನೆಯನ್ನು ಚಕ್ಕಿಗಲ್ಲ, ಸ್ಪಿಂಡಲಿನ ಮೂತಿಗೇ ತಾಗಿಸಿ. ಚಕ್ಕು ತನ್ನದೇ ಓರೆಕೋರೆ ಸೇರಿಸುತ್ತದೆ. ಚಕ್ಕಿನಲ್ಲಿ ಉದ್ದನೆಯ ಸರಳು ಹಿಡಿಸಿ ಮೇಲಕ್ಕೆತ್ತಿ, ಬಿಡಿ. ಮುಳ್ಳು 0.01, 0.02 ಮಿ.ಮೀ. ಅಲ್ಲಾಡಿದರೆ ಒಳ್ಳೆಯದು. ಹಳೆಯ ಕಂಚಿನ ಬುಷ್ ಬೇರಿಂಗ್ ಆದರೆ ಎಣ್ಣೆಗೆ ಜಾಗ ಬೇಕು, ಅಲ್ಲಿ 0.03 ಬಂದರೂ ಗಾಬರಿ ಬೇಡ. ಅದಕ್ಕಿಂತ ಜಾಸ್ತಿ ಇದ್ದರೆ ಬೇರಿಂಗ್ ಬಿಗಿ ಮಾಡಿಸಿ ಮತ್ತೆ ನೋಡಿ.

ಆಮೇಲೆ ಓಡಿಸಿ. ಎಲ್ಲ ಸ್ಪೀಡಿನಲ್ಲೂ, ವೇಗ ತಗ್ಗಿಸುವ ಬ್ಯಾಕ್ ಗೇರಿನಲ್ಲೂ. ಗೇರಿನ ಸದ್ದಿನಲ್ಲಿ ತಾಳ ಹಾಕಿದಂತೆ ಟಕ್ ಟಕ್ ಅಂತ ಒಂದೇ ಅಂತರದಲ್ಲಿ ಬಂದರೆ ಎಲ್ಲೋ ಹಲ್ಲು ಮುರಿದಿದೆ, ಇಲ್ಲವೇ ಮುರಿದ ಹಲ್ಲಿಗೆ ವೆಲ್ಡಿಂಗ್ ತುಂಬಿ ಅರ ಹಾಕಿದ್ದಾರೆ. ಹೆಚ್ಚಿನ ಸ್ಪೀಡಿನಲ್ಲಿ ಕಾಲು ಗಂಟೆ ಬಿಟ್ಟು ಹೆಡ್‌ಸ್ಟಾಕ್ (ಸ್ಪಿಂಡಲ್ ಕೂತಿರುವ ಪೆಟ್ಟಿಗೆ) ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಸರಿಯಿಲ್ಲ. "ಕರೆಂಟಿಲ್ಲ ಸಾರ್, ಮೋಟಾರು ಚೆನ್ನಾಗಿದೆ, ನಂಬಿ" ಅಂದರೆ ಕರೆಂಟು ಇರುವ ದಿನ ಬರುತ್ತೇನೆ ಅನ್ನಿ.

ಕೊನೆಗೆ ಕತ್ತರಿಸಿ ನೋಡಿ. 25 ಮಿ.ಮೀ.ಗಿಂತ ದಪ್ಪನೆಯ ರಾಡನ್ನು ಚಕ್ಕಿನಿಂದ 100 ಮಿ.ಮೀ. ಹೊರಗೆ ಬಿಟ್ಟು, ಟೇಲ್‌ಸ್ಟಾಕಿನ ಆಸರೆ ಕೊಡದೆ, ನಡುವಿನ ಭಾಗ ತಗ್ಗಿಸಿ ಎರಡು ತುದಿಗಳಲ್ಲಿ ಎರಡು ಪಟ್ಟಿ ಉಳಿಸಿಕೊಳ್ಳಿ. ಕ್ರಾಸ್ ಸ್ಲೈಡ್ (ಟೂಲನ್ನು ಅಡ್ಡಕ್ಕೆ ಸರಿಸುವ ಭಾಗ) ಮುಟ್ಟದೆ ಎರಡೂ ಪಟ್ಟಿಗಳ ಮೇಲೆ ಒಂದು ತೆಳುವಾದ ಕಟ್ ಹಾಯಿಸಿ ಅಳೆಯಿರಿ. ವ್ಯತ್ಯಾಸ 0.02 ಮಿ.ಮೀ. ಒಳಗಿದ್ದರೆ ನಾನು ಮರುಮಾತಾಡದೆ ಮುಂಗಡ ಕೊಡುತ್ತೇನೆ. ಜಾಸ್ತಿ ಬಂದರೂ ಯಂತ್ರವನ್ನು ತಕ್ಷಣ ತಳ್ಳಿಹಾಕಬೇಡಿ. ಯಾರ್ಡಿನ ಉಬ್ಬುತಗ್ಗು ನೆಲದ ಮೇಲೆ ಲೇತ್ ನಿಂತಿದ್ದರೆ ಬೆಡ್ಡೇ ತಿರುಚಿಕೊಂಡಿರುತ್ತದೆ. ಬೀಡು ಗಟ್ಟಿ ನಿಜ, ಆದರೆ ಮೂರು ಕಾಲು ನೆಲಕ್ಕೆ ತಾಗಿ ನಾಲ್ಕನೆಯದರ ಅಡಿ ಟೊಳ್ಳಿದ್ದರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಆ ಟೇಪರ್, ಮನೆಗೆ ತಂದು ಮಟ್ಟ ಮಾಡಿದರೆ ಹೋಗುತ್ತದೆ. ಗಾರೆಯವರ ರಸಮಟ್ಟ ಇದಕ್ಕೆ ಸಾಲದು. ಒಂದು ಮೀಟರಿಗೆ 0.02 ಮಿ.ಮೀ. ತೋರಿಸುವ ಮೆಷಿನಿಸ್ಟ್ ಲೆವೆಲ್ ಬೇಕು. ಕೊಳ್ಳುವ ಅಗತ್ಯವಿಲ್ಲ, ಒಂದು ದಿನಕ್ಕೆ ಯಾರಿಂದಲಾದರೂ ಕಡ ತಂದರೆ ಸಾಕು.

ಯಾವುದು ಕೆಟ್ಟಿದ್ದರೆ ಪರವಾಗಿಲ್ಲ? ಕ್ರಾಸ್ ಸ್ಲೈಡಿನ ಹಿಡಿಕೆ ಕಾಲು ಸುತ್ತು ಖಾಲಿ ತಿರುಗಿದರೆ ಎಲ್ಲರೂ ಮುಖ ಸಿಂಡರಿಸುತ್ತಾರೆ. ಅದರ ಒಳಗಿನ ಗನ್‌ಮೆಟಲ್ ನಟ್ ಸವೆದಿದೆ ಅಷ್ಟೇ. ಹೊಸದು ಮಾಡಿಸಬಹುದು, ಕೆಲಸ ಕಲಿತ ಮೇಲೆ ನೀವೇ ಮಾಡಿಕೊಳ್ಳಬಹುದು. ಹಾಫ್ ನಟ್, ಜಿಬ್ (ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ), ಬೆಲ್ಟು, ಮೋಟಾರು, ಟೇಪರ್ ರೋಲರ್ ಬೇರಿಂಗು ಇವೆಲ್ಲ ಬೆಲೆ ಇಳಿಸಲು ನಿಮ್ಮ ಕೈಗೆ ಸಿಕ್ಕ ಆಯುಧಗಳು. ಬೆಡ್ ಗ್ರೈಂಡಿಂಗ್ ಮಾತ್ರ ಬೇರೆ ಲೆಕ್ಕ. ಅದು ಲೇತ್‌ನ ಬೆಲೆಯನ್ನೇ ಮೀರಬಹುದು. ಬೆಡ್ ಗ್ರೈಂಡ್ ಮಾಡಿದರೆ ಸ್ಯಾಡಲ್ ಇಳಿಯುತ್ತದೆ, ಸ್ಯಾಡಲ್ ಇಳಿದರೆ ಲೀಡ್ ಸ್ಕ್ರೂ (ಥ್ರೆಡ್ ಹೊಡೆಯುವಾಗ ಸ್ಯಾಡಲನ್ನು ಎಳೆಯುವ ಉದ್ದನೆಯ ಸ್ಕ್ರೂ) ಸಾಲು ತಪ್ಪುತ್ತದೆ, ಒಂದಕ್ಕೊಂದು ತಗುಲಿಕೊಂಡ ಕೆಲಸ ಅದು. ಬಿರುಕು ಬಿಟ್ಟು ಬೆಸುಗೆ ಹಾಕಿದ ಹೆಡ್‌ಸ್ಟಾಕ್ ಕಂಡರೆ ನಮಸ್ಕಾರ ಹೇಳಿ ಬನ್ನಿ.

ಹಾಳಾದದ್ದಕ್ಕಿಂತ ಕಾಣೆಯಾದದ್ದು ದುಬಾರಿ. ಥ್ರೆಡ್ ಹೊಡೆಯುವುದಕ್ಕೆ ಬೇಕಾದ ಚೇಂಜ್ ಗೇರುಗಳು, ಉದ್ದದ ಕೆಲಸಕ್ಕೆ ನಡುವೆ ಆಸರೆ ಕೊಡುವ ಸ್ಟೆಡಿ ರೆಸ್ಟ್, ನಾಲ್ಕು ಜಾ (ಹಲ್ಲಿನ) ಚಕ್ಕು, ಚಕ್ಕಿಗೆ ಹಿಡಿಸದ ತುಂಡನ್ನು ಕಟ್ಟುವ ಫೇಸ್ ಪ್ಲೇಟ್. ಸ್ಟೆಡಿ ರೆಸ್ಟ್ ಆಯಾ ಯಂತ್ರದ ಬೆಡ್ಡಿಗೇ ಹೊಂದುವಂಥದ್ದು, ಇನ್ನೊಂದರದ್ದು ತಂದರೆ ಕೂರುವುದಿಲ್ಲ. ಮಾಲೀಕ ಯಂತ್ರ ಮಾರುವಾಗ ಇವು ಯಾವುದೋ ಕಪಾಟಿನ ಕೆಳಗೆ, ಗೋಣಿಚೀಲದಲ್ಲಿ ಬಿದ್ದಿರುತ್ತವೆ. ಲಾರಿ ಹೊರಟ ಮೇಲೆ ಕೇಳಿದರೆ ಸಿಗುವುದಿಲ್ಲ. ಹಣ ಎಣಿಸುವ ಮುಂಚೆ ಮೂಲೆಮೂಲೆ ಹುಡುಕಿಸಿ.

ಗೇರುಗಳಲ್ಲಿ 127 ಹಲ್ಲಿನದ್ದು ಇದೆಯೇ ಎಣಿಸಿ. ನಮ್ಮಲ್ಲಿ ಮೆಟ್ರಿಕ್ ಪದ್ಧತಿಯ ಕಾಯ್ದೆ ಬಂದದ್ದು 1956ರಲ್ಲಿ, ಜಾರಿ ಆಗುವಷ್ಟರಲ್ಲಿ ಅರವತ್ತರ ದಶಕ ಬಂತು. ಕಾರ್ಖಾನೆಗಳ ಕೈ ಅಂಗುಲದಿಂದ ಬಿಡಿಸಿಕೊಳ್ಳಲು ಇನ್ನೂ ಹೊತ್ತು ಹಿಡಿಯಿತು. ಹಾಗಾಗಿ ಹಳೆಯ ಲೇತ್‌ಗಳ ಲೀಡ್ ಸ್ಕ್ರೂ ಅಂಗುಲದ್ದು. ಅಂಗುಲಕ್ಕೆ 25.4 ಮಿ.ಮೀ., ಅದನ್ನು ಐದರಿಂದ ಗುಣಿಸಿದರೆ 127. ಪೂರ್ಣಾಂಕ ಸಿಗುವುದು ಅಲ್ಲಿಯೇ. ಆ ಒಂದು ಗೇರು ಇದ್ದರೆ ಅಂಗುಲದ ಲೀಡ್ ಸ್ಕ್ರೂ ಮೇಲೂ ಮಿಲಿಮೀಟರಿನ ಥ್ರೆಡ್ಡು ಕರಾರುವಾಕ್ಕಾಗಿ ಬರುತ್ತದೆ.

ಅಳತೆಯ ಭಾಷೆಯ ಬಗ್ಗೆಯೂ ಒಂದು ಎಚ್ಚರ. ನಮ್ಮ ಕಡೆ ಲೇತ್ ಮಾರುವುದು ಬೆಡ್ಡಿನ ಉದ್ದದ ಮೇಲೆ: ನಾಲ್ಕೂವರೆ ಅಡಿ, ಆರಡಿ, ಎಂಟಡಿ. ಆರಡಿ ಲೇತ್ ಅಂದರೆ ಆರಡಿ ಶಾಫ್ಟ್ ಹಿಡಿಯುತ್ತದೆ ಅಂದುಕೊಳ್ಳಬೇಡಿ. ಹೆಡ್‌ಸ್ಟಾಕು, ಟೇಲ್‌ಸ್ಟಾಕು ಕೂತ ಜಾಗ ಕಳೆದು ಉಳಿದದ್ದು ನಿಮಗೆ. ನಾಲ್ಕೂವರೆ ಅಡಿಯದರಲ್ಲಿ ಸೆಂಟರುಗಳ ನಡುವೆ ಹೆಚ್ಚುಕಡಿಮೆ ಎರಡಡಿ ಸಿಗುತ್ತದೆ. ಸ್ಕೂಟರ್ ಭಾಗ, ಪಂಪಿನ ಶಾಫ್ಟು, ಮಾದರಿ ಉಗಿ ಎಂಜಿನ್ನು, ಟೆಲಿಸ್ಕೋಪಿನ ಬಿಡಿಭಾಗ ಮಾಡುವವರಿಗೆ ಅದು ಧಾರಾಳ. ಉದ್ದಕ್ಕಿಂತ ಸ್ಪಿಂಡಲಿನ ತೂತು ದೊಡ್ಡದಿರಲಿ. 38 ಮಿ.ಮೀ. ಇದ್ದರೆ ಮನೆಯಲ್ಲಿ ಬರುವ ಬಹುತೇಕ ರಾಡುಗಳು ಒಳಗೆ ತೂರುತ್ತವೆ.

ನಾಲ್ಕೂವರೆ ಅಡಿಯದು ಅರ್ಧ ಟನ್ನಿನ ಮೇಲೆಯೇ ತೂಗುತ್ತದೆ. ಎಚ್‌ಎಂಟಿಯ ದೊಡ್ಡ ಯಂತ್ರಗಳು ಒಂದೂವರೆ, ಎರಡು ಟನ್ನಿಗೆ ಹೋಗುತ್ತವೆ. ಕಿರ್ಲೋಸ್ಕರ್ ಎಂಬ ಅಭಿಮಾನಕ್ಕೋ ಎಚ್‌ಎಂಟಿ ಎಂಬ ವ್ಯಾಮೋಹಕ್ಕೋ ಬಿದ್ದು ಗೇಟಿನೊಳಗೆ ತೂರದ ಯಂತ್ರ ತರಬೇಡಿ. ಸಾಗಿಸುವಾಗ ನೆನಪಿಡಬೇಕಾದದ್ದು: ಲೇತ್‌ನ ಭಾರವೆಲ್ಲ ಹೆಡ್‌ಸ್ಟಾಕ್ ಕಡೆ, ಅದೂ ಮೇಲ್ಗಡೆ. ಸ್ವಲ್ಪ ವಾಲಿದರೆ ಮಗುಚುತ್ತದೆ, ಮಗುಚುವಾಗ ಹಿಡಿಯಲು ಹೋದವರ ಕೈ ಉಳಿಯುವುದಿಲ್ಲ. ಸ್ಯಾಡಲ್, ಟೇಲ್‌ಸ್ಟಾಕುಗಳನ್ನು ಬೆಡ್ಡಿನ ಕೊನೆಗೆ ಸರಿಸಿ ಲಾಕ್ ಮಾಡಿದರೆ ತೂಕ ಅಷ್ಟಿಷ್ಟು ಸಮವಾಗುತ್ತದೆ. ಯಂತ್ರ ಎತ್ತುವ ಬೆಲ್ಟನ್ನು ಬೆಡ್ಡಿನ ಅಡಿಯಿಂದ ಹಾಯಿಸಬೇಕು, ಲೀಡ್ ಸ್ಕ್ರೂಗೆ ಅದು ಒತ್ತದಂತೆ ಮರದ ತುಂಡು ಇಡಬೇಕು. ಎಷ್ಟೋ ಲೀಡ್ ಸ್ಕ್ರೂಗಳು ಬಾಗಿರುವುದು ಕೆಲಸದಲ್ಲಲ್ಲ, ಲಾರಿಗೆ ಏರಿಸುವಾಗ. ಯಂತ್ರ ಸಾಗಿಸಿಯೇ ಪಳಗಿದ ಹಮಾಲರು ಎಲ್ಲ ಕೈಗಾರಿಕಾ ಪ್ರದೇಶಗಳಲ್ಲೂ ಇರುತ್ತಾರೆ. ಹಾರೆ, ಪೈಪಿನ ತುಂಡು, ಚೈನ್ ಪುಲ್ಲಿ ಇಷ್ಟರಲ್ಲೇ ಅವರು ಮಾಡುವ ಕೆಲಸ ನೋಡಬೇಕು ನೀವು. ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಕರೆಂಟಿನ ವಿಷಯ. ಯಂತ್ರ ತ್ರೀ ಫೇಸಿನದು, ಮನೆಯಲ್ಲಿರುವುದು ಸಿಂಗಲ್ ಫೇಸ್. ಮೋಟಾರು ಬದಲಿಸಬೇಕಿಲ್ಲ. ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ ವಿಎಫ್‌ಡಿ (ಮೋಟಾರಿನ ವೇಗವನ್ನೂ ಬದಲಿಸುವ ಎಲೆಕ್ಟ್ರಾನಿಕ್ ಸಾಧನ) ಈಗ ಸುಲಭವಾಗಿ ಸಿಗುತ್ತದೆ, 3 ಎಚ್‌ಪಿವರೆಗೆ ಚಿಂತೆಯಿಲ್ಲ. ಆದರೆ ಅದು ಕೊಡುವುದು 230 ವೋಲ್ಟಿನ ತ್ರೀ ಫೇಸ್, ನಿಮ್ಮ ಮೋಟಾರಿನ ನಾಮಫಲಕದಲ್ಲಿ ಬರೆದಿರುವುದು 415. ನಮ್ಮ ದೇಶದ ಸಣ್ಣ ಮೋಟಾರುಗಳಲ್ಲಿ, ಸಾಮಾನ್ಯವಾಗಿ 3 ಎಚ್‌ಪಿವರೆಗಿನವುಗಳಲ್ಲಿ, ವೈಂಡಿಂಗ್ ಸ್ಟಾರ್ ಜೋಡಣೆಯಲ್ಲಿರುತ್ತದೆ, ಅಂದರೆ ಮೂರೂ ಸುರುಳಿಗಳ ಒಂದೊಂದು ತುದಿ ಒಂದೇ ಗಂಟಿಗೆ ಸೇರಿರುತ್ತದೆ. ಅದನ್ನೇ ಡೆಲ್ಟಾಗೆ (ತ್ರಿಕೋನದಂತೆ ತುದಿಗೆ ತುದಿ ಜೋಡಣೆ) ಬದಲಿಸಿದರೆ ಮೋಟಾರು 230 ವೋಲ್ಟಿಗೆ ಸರಿಹೋಗುತ್ತದೆ. ಟರ್ಮಿನಲ್ ಡಬ್ಬಿಯಲ್ಲಿ ಆರು ತಂತಿ ಇದ್ದರೆ ಅವನ್ನು ಜೋಡಿಸುವ ಲೋಹದ ಪಟ್ಟಿ ಬದಲಿಸುವಷ್ಟೇ ಕೆಲಸ. ಮೂರೇ ಇದ್ದರೆ ಸ್ಟಾರ್ ಗಂಟು ಒಳಗೆ ಕಟ್ಟಿದ್ದಾರೆ, ವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿ ಹೊರಗೆಳೆಸಬೇಕು. ವಿಎಫ್‌ಡಿಗೂ ಮೋಟಾರಿಗೂ ನಡುವೆ ಹಳೆಯ ಸ್ಟಾರ್ಟರನ್ನು ಉಳಿಸಬೇಡಿ. ಮನೆಯ ಮಂಜೂರಾದ ಲೋಡ್ ಎಷ್ಟಿದೆ ಅಂತಲೂ ಬಿಲ್ಲಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಬೆಲೆ ಎಷ್ಟು ಅಂತ ಕೇಳುತ್ತೀರಿ. ಕೆಳಗಿನ ಗಡಿಯನ್ನು ಗುಜರಿ ದರ ಹೇಳುತ್ತದೆ. ಕಿಲೋಗೆ 35 ರೂಪಾಯಿ ಅಂತ ಹಿಡಿದರೆ 600 ಕಿಲೋ ಲೇತ್ ಗುಜರಿಗೇ 21,000 ರೂಪಾಯಿ. ಅದಕ್ಕಿಂತ ಕೆಳಗೆ ಯಾರೂ ಕೊಡುವುದಿಲ್ಲ, ಕೊಟ್ಟರೆ ಕಾಗದಪತ್ರ ಕೇಳಿ. ಮೇಲಿನ ಗಡಿ, ಅದೇ ಅಳತೆಯ ಹೊಸ ಸಾಧಾರಣ ಲೇತ್‌ನ ಬೆಲೆ. ನಡುವಿನದನ್ನು ನಿಮ್ಮ ಡಯಲ್ ಗೇಜು ನಿರ್ಧರಿಸಲಿ. ಕೈಯಲ್ಲಿರುವ ಹಣವನ್ನೆಲ್ಲ ಯಂತ್ರಕ್ಕೇ ಸುರಿಯಬೇಡಿ. ಡ್ರಿಲ್ ಚಕ್ಕು, ರಿವಾಲ್ವಿಂಗ್ ಸೆಂಟರು, ಬೋರಿಂಗ್ ಬಾರು, ಅಳತೆಯ ಸಾಮಾನು, ಮಸೆಯುವ ಗ್ರೈಂಡರು ಇವಕ್ಕೆ ಹೋಗುವ ದುಡ್ಡು ನಿಧಾನವಾಗಿ ಲೇತ್‌ನ ಬೆಲೆಯನ್ನು ಹಿಂದೆ ಹಾಕುತ್ತದೆ.

ಸುರಕ್ಷತೆಗೆ ಮೂರೇ ಮಾತು, ಉಳಿದದ್ದು ನಿಮಗೆ ಗೊತ್ತು. ಲೇತ್ ಮುಂದೆ ಕೈಗವಸು ಹಾಕಬಾರದು. ಲುಂಗಿ, ವೇಲು, ಸಡಿಲ ತೋಳು ಬೇಡ. ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಕೈ ತೆಗೆಯಬಾರದು, ಅರೆಕ್ಷಣಕ್ಕೂ.

ಈಗ ನಿಮ್ಮ ಪ್ರಶ್ನೆಗಳು.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯ ಯಾಕೆ ಸಾರ್? ಮೇಜಿನ ಮೇಲೆ ಇಡುವ ಹೊಸ ಚೀನಾ ಮಿನಿ ಲೇತ್ ತಂದರೆ ಆಗುವುದಿಲ್ಲವೇ?

ಆಗುತ್ತದೆ. ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿರುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆ ಯಂತ್ರ ನಲವತ್ತು, ಐವತ್ತು ಕಿಲೋ. ಹಿತ್ತಾಳೆ, ಅಲ್ಯೂಮಿನಿಯಂ, ಸಣ್ಣ ಉಕ್ಕಿನ ಕೆಲಸಕ್ಕೆ ಸಾಕು. ದಪ್ಪ ಉಕ್ಕಿಗೆ ಕಟ್ ಹಾಕಿದಾಗ ಮಾತ್ರ ಅದು ನಡುಗಲು ಶುರುಮಾಡುತ್ತದೆ, ತೂಕವಿಲ್ಲದ ಯಂತ್ರಕ್ಕೆ ಕಂಪನವನ್ನು ನುಂಗುವ ಶಕ್ತಿಯಿಲ್ಲ. ನೆಲಮಹಡಿಯಲ್ಲಿ ಗಟ್ಟಿ ಕಾಂಕ್ರೀಟ್ ನೆಲ ಇದ್ದವರು ಸ್ವಲ್ಪ ಸವೆದಿದ್ದರೂ ಭಾರದ ಯಂತ್ರವನ್ನೇ ತನ್ನಿ ಅನ್ನುವುದು ನನ್ನ ಮತ.

ಪ್ರಶ್ನೆ: ಬೆಲ್ಟ್ ಲೇತ್ ಒಳ್ಳೆಯದೋ, ಆಲ್ ಗೇರ್ ಲೇತ್ ಒಳ್ಳೆಯದೋ?

ಸಂಪಾದನೆಗಾದರೆ ಗೇರುಗಳಿಂದಲೇ ಸ್ಪೀಡು ಬದಲಿಸುವ ಆಲ್ ಗೇರ್. ಮನೆಗಾದರೆ ನನ್ನ ಓಟು ಕೋನ್ ಪುಲ್ಲಿಯ (ಮೆಟ್ಟಿಲು ಮೆಟ್ಟಿಲಾದ ಪುಲ್ಲಿ) ಬೆಲ್ಟ್ ಲೇತ್‌ಗೆ. ಸದ್ದು ಕಡಿಮೆ, ಪಕ್ಕದ ಮನೆಯವರ ಜತೆ ಜಗಳವಿಲ್ಲ. ಟೂಲ್ ಸಿಕ್ಕಿಕೊಂಡರೆ ಬೆಲ್ಟ್ ಜಾರುತ್ತದೆ, ಗೇರಿನ ಹಲ್ಲು ಉಳಿಯುತ್ತದೆ. ವಿಎಫ್‌ಡಿ ಹಾಕಿದ ಮೇಲೆ ಸ್ಪೀಡು ಬದಲಿಸಲು ಬೆಲ್ಟ್ ಎತ್ತಿಹಾಕುವ ಕೆಲಸವೂ ಕಮ್ಮಿಯಾಗುತ್ತದೆ.

ಪ್ರಶ್ನೆ: ಹಳೆಯ ಲೇತ್‌ನಲ್ಲಿ ಕಾರ್ಬೈಡ್ ಟಿಪ್ ಉಪಯೋಗಿಸಬಹುದೇ?

ಕಾರ್ಬೈಡ್ ಅಂದರೆ ಎಚ್‌ಎಸ್‌ಎಸ್‌ಗಿಂತ ಗಟ್ಟಿಯಾದ, ಹೆಚ್ಚು ವೇಗ ಕೇಳುವ ಟೂಲು. ಬಳಸುವವರಿದ್ದಾರೆ, ಆದರೆ ಅದರ ಪೂರ್ತಿ ಗುಣ ಸಿಗುವುದಿಲ್ಲ. ಲೆಕ್ಕ ಹಾಕಿ. 20 ಮಿ.ಮೀ. ಎಂಎಸ್ ರಾಡನ್ನು ಎಚ್‌ಎಸ್‌ಎಸ್ ಟೂಲಿನಲ್ಲಿ ನಿಮಿಷಕ್ಕೆ 30 ಮೀಟರ್ ವೇಗದಲ್ಲಿ ಕತ್ತರಿಸಲು ಸುಮಾರು 480 ಸುತ್ತು ಸಾಕು. ಕಾರ್ಬೈಡಿಗೆ 120 ಮೀಟರ್ ಅಂತ ಹಿಡಿದರೆ 1,900 ಸುತ್ತು ಬೇಕು. ಹಳೆಯ ಲೇತ್‌ಗಳಲ್ಲಿ ಬಹಳಷ್ಟು ಸಾವಿರಕ್ಕೂ ಮುಟ್ಟುವುದಿಲ್ಲ. ಕಡಿಮೆ ಸ್ಪೀಡಿನಲ್ಲಿ ಕಾರ್ಬೈಡ್ ಹಚ್ಚಿದರೆ ಮೇಲ್ಮೈ ತರಿತರಿಯಾಗಿ ಕಿತ್ತುಬರುತ್ತದೆ. ಎಚ್‌ಎಸ್‌ಎಸ್ ಮಸೆಯುವುದನ್ನು ಕಲಿಯಿರಿ. ಇಲ್ಲೇ ಸುತ್ತಮುತ್ತ ಕಲಿಸುವ ಹಿರಿಯರು ಎಷ್ಟೋ ಜನ ಇದ್ದಾರೆ.

ಪ್ರಶ್ನೆ: ವಿಎಫ್‌ಡಿ ಇದ್ದರೆ ಗಕ್ಕನೆ ನಿಲ್ಲುವ ಹಾಗೆ ಬ್ರೇಕ್ ಇಡಬಹುದಲ್ಲ? ರಿವರ್ಸ್ ಕೂಡ ಬರುತ್ತದೆ.

ಎರಡೂ ಬರುತ್ತದೆ, ಎರಡರಲ್ಲೂ ಅಪಾಯವಿದೆ. ನಿಮ್ಮ ಚಕ್ಕು ಸ್ಪಿಂಡಲಿಗೆ ಹೇಗೆ ಕೂತಿದೆ ಅಂತ ಮೊದಲು ನೋಡಿ. ಕ್ಯಾಮ್ ಲಾಕ್ (ಪಿನ್ನುಗಳನ್ನು ಸಿಕ್ಕಿಸಿ ಬಿಗಿಯುವ ಜೋಡಣೆ) ಆದರೆ ಭಯವಿಲ್ಲ. ಹಳೆಯ ಸಣ್ಣ ಲೇತ್‌ಗಳಲ್ಲಿ ಬಹುಪಾಲು ಥ್ರೆಡ್ಡಿನದು, ಚಕ್ಕನ್ನು ಬೋಲ್ಟಿಗೆ ನಟ್ ತಿರುಗಿಸಿದಂತೆ ತಿರುಗಿಸಿ ಕೂರಿಸಿರುತ್ತಾರೆ. ಅಂಥದ್ದರಲ್ಲಿ ಸ್ಪಿಂಡಲ್ ಗಕ್ಕನೆ ನಿಂತರೆ ಚಕ್ಕು ತನ್ನ ವೇಗದಲ್ಲೇ ಮುಂದುವರಿದು ಬಿಚ್ಚಿಕೊಳ್ಳಬಹುದು. ರಿವರ್ಸಿನಲ್ಲಿ ಕಟ್ ಹಾಕಿದರೂ ಅದೇ ಕಥೆ. ನಿಲ್ಲುವ ಸಮಯವನ್ನು ನಾಲ್ಕೈದು ಸೆಕೆಂಡಿಗೆ ಹೊಂದಿಸಿಡಿ, ರಿವರ್ಸ್ ಗುಂಡಿಯ ತಂತಿ ಜೋಡಿಸಲೇ ಬೇಡಿ. ಎಂಟಂಗುಲದ ಚಕ್ಕು ಹದಿನೈದು ಕಿಲೋ ಆಸುಪಾಸು ತೂಗುತ್ತದೆ, ಬಿಚ್ಚಿಕೊಂಡರೆ ಬೆಡ್ ಮೇಲೆ ಬಿದ್ದು ನಿಮ್ಮ ಕಡೆಗೇ ಉರುಳುತ್ತದೆ.